ಫಿಂಜಾನ್, ಪಿಂಗ್ಗಾನ್, ಪಿಂಗಾಣಿ: ತಟ್ಟೆಯ ಮೇಲೆ ಚಿತ್ರ ಇಳಿದ ಕಥೆ

ಗಲ್ಫಿಗೆ ಬಂದ ಮೊದಲ ವಾರದಲ್ಲೇ ನಮ್ಮ ಕಿವಿಗೆ ಬೀಳುವ ಅರಬ್ಬಿ ಪದಗಳಲ್ಲಿ 'ಫಿಂಜಾನ್' ಒಂದು. ಏಲಕ್ಕಿ ಹಾಕಿದ ಕಹಿ ಕಾಫಿ ಕೊಡುವ, ಹಿಡಿಯಿಲ್ಲದ ಪುಟ್ಟ ಬಟ್ಟಲು ಅದು. ಮಲೇಷ್ಯಾದಲ್ಲಿ ಊಟದ ತಟ್ಟೆಗೆ 'ಪಿಂಗ್ಗಾನ್' ಎನ್ನುತ್ತಾರೆ. ನಮ್ಮ ಊರಿನಲ್ಲಿ ಬಿಳಿ ಮಣ್ಣಿನ ಹೊಳೆಯುವ ಪಾತ್ರೆಗೆ 'ಪಿಂಗಾಣಿ' ಎನ್ನುತ್ತೇವೆ. ಮೂರೂ ಒಂದೇ ಪದದ ಮಕ್ಕಳು. ಮೂಲದಲ್ಲಿ ಇದು ಪರ್ಷಿಯನ್ ಭಾಷೆಯ 'ಪಿಂಗಾನ್', ಅಂದರೆ ಬಟ್ಟಲು. ಅರಬ್ಬಿಯಲ್ಲಿ 'ಪ' ಅಕ್ಷರವಿಲ್ಲ. ಪೆಪ್ಸಿ 'ಬೆಪ್ಸಿ' ಆಗುವುದನ್ನು ದಿನವೂ ಕೇಳುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಪಿಂಗಾನ್ ಫಿಂಜಾನ್ ಆಯಿತು. ಹಡಗು ಹತ್ತಿ ಪೂರ್ವಕ್ಕೆ ಹೋದದ್ದು ಪಿಂಗಾಣಿಯೂ ಪಿಂಗ್ಗಾನೂ ಆಯಿತು.

ಪದ ಹೋದ ದಾರಿಯಲ್ಲೇ ಪಾತ್ರೆಗಳೂ ಹೋದವು. ಪಾತ್ರೆಗಳ ಮೇಲೆ ಚಿತ್ರಗಳೂ ಹೋದವು. ಇತ್ತೀಚೆಗೆ ಹಳೆಯ ತಟ್ಟೆಗಳನ್ನು ಕೊಂಡು ತಂದು, ಅವುಗಳ ಮೇಲೆ ತಮಗೆ ಬೇಕಾದ ಅಚ್ಚಿನ ಚಿತ್ರ ಇಳಿಸಿ ಗೋಡೆಗೆ ತೂಗುಹಾಕುವ ಹವ್ಯಾಸ ಎಲ್ಲ ದೇಶಗಳಲ್ಲೂ ಹಬ್ಬಿದೆ. ನಮ್ಮ ಸಂಘದ ಕೆಲವು ಮನೆಗಳಲ್ಲೂ ನೋಡಿದ್ದೇನೆ. ನೋಡಲು ಇದು ರಜಾದಿನದ ಆಟ. ಆದರೆ ಇದರ ಹಿಂದೆ ಸುಮಾರು 270 ವರ್ಷದ ಚರಿತ್ರೆಯಿದೆ. ಆ ಚರಿತ್ರೆ ಕೇಳುವ ಪ್ರಶ್ನೆ ಒಂದೇ: ತಟ್ಟೆಯ ಮೇಲೆ ಯಾರ ಚಿತ್ರ ಇರಬೇಕು, ಅದನ್ನು ಯಾರು ನಿರ್ಧರಿಸಬೇಕು?

ಆರು ಗಂಟೆ, 1200 ಬಿಲ್ಲೆ

ಹದಿನೆಂಟನೇ ಶತಮಾನದ ನಡುವಿನವರೆಗೂ ಪಿಂಗಾಣಿಯ ಮೇಲಿನ ಚಿತ್ರವೆಂದರೆ ಕೈಯಲ್ಲಿ ಬರೆದದ್ದು. ಚೀನಾದಲ್ಲಿ, ಜಪಾನಿನಲ್ಲಿ, ಹಾಲೆಂಡಿನಲ್ಲಿ ಒಬ್ಬೊಬ್ಬ ಕುಶಲಕರ್ಮಿ ಕುಂಚ ಹಿಡಿದು ಒಂದೊಂದೇ ತಟ್ಟೆ ಬರೆಯಬೇಕಿತ್ತು. ಹಾಗಾಗಿ ಚಿತ್ರವಿದ್ದ ತಟ್ಟೆ ಶ್ರೀಮಂತರ ಸೊತ್ತು.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬ ಇಬ್ಬರು ಈ ಲೆಕ್ಕ ಬದಲಿಸಿದರು. 1756ರ ಜುಲೈ 27ರಂದು ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ, ಆರೇ ಗಂಟೆಯಲ್ಲಿ, 1200ಕ್ಕೂ ಹೆಚ್ಚು ಮಣ್ಣಿನ ಬಿಲ್ಲೆಗಳ ಮೇಲೆ ಚಿತ್ರ ಅಚ್ಚು ಹಾಕಿದೆವೆಂದು ಅವರು ಪ್ರಮಾಣಪತ್ರ ಬರೆದುಕೊಟ್ಟರು. ನುರಿತ ನೂರು ಚಿತ್ರಗಾರರು ಸೇರಿದರೂ ಅಷ್ಟು ಹೊತ್ತಿನಲ್ಲಿ ಇಷ್ಟು ಮಾಡಲಾರರು ಎಂಬುದು ಅವರ ವಾದ. ವ್ಯಾಪಾರಕ್ಕೆ ಇದು ಸಂತೋಷದ ಸುದ್ದಿ. ಆ ನೂರು ಚಿತ್ರಗಾರರ ಹೊಟ್ಟೆಪಾಡಿಗೆ ಏನು ಸುದ್ದಿ ಎಂದು ನಾವು ಊಹಿಸಬಹುದು. ಯಂತ್ರ ಬಂದಾಗ ಕೈಕೆಲಸದವನ ಎದೆ ಹೊಡೆದುಕೊಳ್ಳುವುದು ಹೊಸದೇನಲ್ಲ.

ಕೆಲಸದ ಕ್ರಮ ಹೀಗಿತ್ತು. ತಾಮ್ರದ ಹಲಗೆಯ ಮೇಲೆ ಚಿತ್ರ ಕೊರೆಯುತ್ತಿದ್ದರು. ಹಲಗೆಯನ್ನು ಬಿಸಿ ಮಾಡಿ, ಲೋಹದ ಬಣ್ಣ ಕಲಸಿದ ಎಣ್ಣೆಶಾಯಿಯನ್ನು ಗೆರೆಗಳಿಗೆ ತುಂಬಿ, ಮೇಲೆ ಉಳಿದದ್ದನ್ನು ಒರೆಸಿ ತೆಗೆಯುತ್ತಿದ್ದರು. ಅದರ ಮೇಲೆ ತೆಳುವಾದ ಟಿಶ್ಯೂ ಕಾಗದವಿಟ್ಟು ಒತ್ತಿದರೆ ಚಿತ್ರ ಕಾಗದಕ್ಕೆ ಬರುತ್ತಿತ್ತು. ಆ ಕಾಗದವನ್ನು ಬೇಕಾದ ಅಳತೆಗೆ ಕತ್ತರಿಸಿ, ಪಾತ್ರೆಯ ಮೇಲೆ ಮುಖ ಕೆಳಗಾಗಿ ಹಚ್ಚಿ, ಗಟ್ಟಿ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಆಮೇಲೆ ನೀರಿನಲ್ಲಿ ತೊಳೆದರೆ ಕಾಗದ ಬಿಟ್ಟುಹೋಗಿ ಚಿತ್ರ ಮಾತ್ರ ಉಳಿಯುತ್ತಿತ್ತು. 1784ರ ಹೊತ್ತಿಗೆ ಜೋಸಯಾ ಸ್ಪೋಡ್ ಎಂಬವರು ಈ ಚಿತ್ರವನ್ನು ಗಾಜಿನಂಥ ಹೊಳಪಿನ, ಅಂದರೆ ಗ್ಲೇಜಿನ, ಕೆಳಗೆ ಕೋಬಾಲ್ಟ್ ನೀಲಿಯಲ್ಲಿ ಅಚ್ಚು ಹಾಕುವ ವಿಧಾನವನ್ನು ಹದಕ್ಕೆ ತಂದರು. ಮೇಲೆ ಹೊಳಪಿನ ಪದರವಿದ್ದುದರಿಂದ ಎಷ್ಟು ತೊಳೆದರೂ ಚಿತ್ರ ಮಾಸುವುದಿಲ್ಲ.

ಈ ಕೆಲಸದಲ್ಲಿ ಅಚ್ಚು ಒತ್ತುವವನು ಗಂಡಸು. ಚಿತ್ರ ಹಚ್ಚಿ ಉಜ್ಜುವವರು ಹೆಚ್ಚಾಗಿ ಹೆಂಗಸರು. ಕಾಗದ ಕತ್ತರಿಸುವವರು ಚಿಕ್ಕ ಹುಡುಗಿಯರು. ಪಕ್ಕದ ಕೋಣೆಯಲ್ಲಿ ಪಾತ್ರೆಗಳನ್ನು ಸೀಸ ಬೆರೆತ ಗ್ಲೇಜಿನಲ್ಲಿ ಅದ್ದುವವರು ಬೇರೆ. ಅವರಲ್ಲಿ ಅನೇಕರಿಗೆ ಸೀಸದ ವಿಷ ಏರುತ್ತಿತ್ತು. ಕೊನೆಗೆ ಬ್ರಿಟಿಷ್ ಸರ್ಕಾರ ರಸಾಯನಶಾಸ್ತ್ರಜ್ಞ ಥಾರ್ಪ್ ಮತ್ತು ವೈದ್ಯ ಆಲಿವರ್ ಅವರಿಂದ ವಿಚಾರಣೆ ಮಾಡಿಸಿ 1899ರಲ್ಲಿ ವರದಿ ಪ್ರಕಟಿಸಿತು. ಈ ಸೀಸದ ವಿಷಯವನ್ನು ನೆನಪಿಟ್ಟುಕೊಳ್ಳಿ. ಮುಂದೆ ನಮ್ಮ ಅಡುಗೆಮನೆಗೂ ಅದು ಬರಲಿದೆ.

ಮಾರುಕಟ್ಟೆ ಆರಿಸಿದ ಚಿತ್ರಗಳು

ಚಿತ್ರ ಅಗ್ಗವಾದ ಮೇಲೆ ಯಾವ ಚಿತ್ರ ಹಾಕಬೇಕೆಂಬುದನ್ನು ಕಾರ್ಖಾನೆ ನಿರ್ಧರಿಸತೊಡಗಿತು. ನೀಲಿ ಗೆರೆಯಲ್ಲಿ ಸೇತುವೆ, ಬಾಗಿದ ಮರ, ಎರಡು ಹಕ್ಕಿಗಳಿರುವ 'ವಿಲ್ಲೋ' ತಟ್ಟೆಯನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಅದು ಚೀನಾದ ಚಿತ್ರವೆಂದೇ ಜನ ನಂಬಿದ್ದಾರೆ. ನಿಜದಲ್ಲಿ ಅದು 1790ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಅದರ ಜೊತೆ ಹೇಳುವ ಪ್ರೇಮಕಥೆಯೂ ಆಮೇಲೆ ಅಲ್ಲೇ ಕಟ್ಟಿದ್ದು.

ನಮ್ಮ ದೇಶವೂ ಈ ತಟ್ಟೆಗಳ ಮೇಲೆ ಬಂತು. ಬಂಗಾಳದಲ್ಲಿ ಸೇನಾಧಿಕಾರಿಯಾಗಿದ್ದ ಥಾಮಸ್ ವಿಲಿಯಮ್ಸನ್ ಭಾರತದ ಬೇಟೆಯ ಬಗ್ಗೆ ಬರೆದ ಪುಸ್ತಕದ ಚಿತ್ರಗಳನ್ನು ಸ್ಪೋಡ್ ಕಂಪನಿ 1810ರ ನಂತರ ಊಟದ ತಟ್ಟೆಗಳಿಗೆ ಇಳಿಸಿತು. ಆನೆಯ ಮೇಲೆ ಕೂತ ಸಾಹೇಬರು, ಓಡುವ ಹುಲಿ, ಈಟಿ ಹಿಡಿದು ಓಡುವ ನಮ್ಮವರು. ಇಂಗ್ಲೆಂಡಿನ ಮನೆಗಳಲ್ಲಿ ಆ ಚಿತ್ರದ ಮೇಲೆ ಮಾಂಸದ ಊಟ ಬಡಿಸಿದರು. ಈಟಿ ಹಿಡಿದವನ ಹೆಸರು ತಟ್ಟೆಯ ಮೇಲೆ ಇಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬೆಲ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಲಯಾ, ಜಾವಾ ಕಡೆಯ ಜನರಿಗೆಂದೇ ತಟ್ಟೆಗಳನ್ನು ಅಚ್ಚು ಹಾಕಿ ಮಲಯ್ ಭಾಷೆಯಲ್ಲೇ ಹೆಸರಿಟ್ಟಿತು. ಒಂದರ ಹೆಸರು 'ಬುವಾ ನಾನಾಸ್', ಅಂದರೆ ನಮ್ಮ ಅನಾನಸ್ ಹಣ್ಣು. ಇನ್ನೊಂದಕ್ಕೆ 'ಜೋಹೋರ್' ಎಂದು ಅಲ್ಲಿಯ ರಾಜ್ಯದ ಹೆಸರು. ಹಾಲೆಂಡಿನ ಮಾಸ್ಟ್ರಿಕ್ಟ್ ನಗರದಲ್ಲಿ ಪೆಟ್ರುಸ್ ರೆಗೌಟ್ 1836ರಲ್ಲಿ ಶುರುಮಾಡಿದ ಕಾರ್ಖಾನೆಯ ತಟ್ಟೆ, ಬಟ್ಟಲುಗಳು ಪೂರ್ವದ ದ್ವೀಪಗಳಿಗೂ ನಾವಿರುವ ಗಲ್ಫ್ ಕರಾವಳಿಗೂ ಬಂದವು. ಇಲ್ಲಿಯ ಹಳೆಯ ಊರುಗಳ ಅವಶೇಷಗಳಲ್ಲಿ ಅವುಗಳ ಚೂರುಗಳು ಸಿಕ್ಕಿವೆ. ಒಮಾನಿನ ಹಳೆಯ ಮನೆಗಳ ಗೋಡೆಗೂಡುಗಳಲ್ಲಿ ಪಿಂಗಾಣಿ ತಟ್ಟೆ ಜೋಡಿಸಿಡುವ ರೂಢಿಯಿತ್ತು. ಅಂದರೆ ತಟ್ಟೆಯನ್ನು ಗೋಡೆಗೆ ಏರಿಸುವುದು ಇವತ್ತಿನ ಫ್ಯಾಷನ್ ಅಲ್ಲ.

ದೇವರನ್ನೂ ಮಾರುಕಟ್ಟೆ ಬಿಡಲಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಬಂದರಷ್ಟೆ. 1920-30ರ ದಶಕಗಳಲ್ಲಿ ಜಪಾನಿನ ಕಾರ್ಖಾನೆಗಳು ಅಂಥದೇ ಮಾದರಿಯ ದೇವರ ಚಿತ್ರಗಳನ್ನು ಪಿಂಗಾಣಿ ಬಿಲ್ಲೆಗಳ ಮೇಲೆ ಅಚ್ಚಿನಲ್ಲಿ ಉಬ್ಬಿಸಿ, ಬಣ್ಣದ ಗ್ಲೇಜ್ ತುಂಬಿ, ಭಾರತಕ್ಕೆ ಕಳಿಸಿದವು. ಕೃಷ್ಣನನ್ನು ಎಂದೂ ಪೂಜಿಸದ ಕೈಗಳು ನಮ್ಮ ಗೋಡೆಗೆ ಕೃಷ್ಣನನ್ನು ಮಾಡಿಕೊಟ್ಟವು!

ಮಂಗಳೂರಿನ ಕಲ್ಲಚ್ಚು, ಮಂಗಳೂರಿನ ಹಂಚು

ಮುಂದೆ ತಾಮ್ರದ ಹಲಗೆಯ ಜಾಗಕ್ಕೆ ಕಲ್ಲು ಬಂತು. ಜರ್ಮನಿಯ ಆಲೋಯಿಸ್ ಸೆನೆಫೆಲ್ಡರ್ 1790ರ ದಶಕದ ಕೊನೆಗೆ ಕಂಡುಹಿಡಿದ ಕಲ್ಲಚ್ಚಿನಲ್ಲಿ ನುಣುಪಾದ ಕಲ್ಲಿನ ಮೇಲೆ ಜಿಡ್ಡು ಶಾಯಿಯಲ್ಲಿ ಬರೆದರೆ ಸಾಕು, ಕೊರೆಯುವ ಶ್ರಮವಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇದೇ ಕಲ್ಲಚ್ಚಿನಿಂದ ಹಲವು ಬಣ್ಣದ ಚಿತ್ರಗಳನ್ನು ಕಾಗದಕ್ಕೆ ಒತ್ತಿ, ಅಲ್ಲಿಂದ ಪಿಂಗಾಣಿಗೆ ಇಳಿಸುವ ಪದ್ಧತಿ ಬೆಳೆಯಿತು. ಅದರ ಹೆಸರು 'ಡಿಕಾಲ್'. ನಮ್ಮ ಬಾಲ್ಯದ ಸೈಕಲ್ಲಿನ ಮೇಲಿದ್ದ ಕಂಪನಿಯ ಹೆಸರು, ಅಮ್ಮನ ಹೊಲಿಗೆ ಯಂತ್ರದ ಚಿನ್ನದ ಬಣ್ಣದ ಬಳ್ಳಿ, ಬಬಲ್ ಗಮ್ ಜೊತೆ ಬರುತ್ತಿದ್ದ, ಉಗುಳು ಹಚ್ಚಿ ಕೈಗೆ ಒತ್ತಿಕೊಳ್ಳುತ್ತಿದ್ದ ಚಿತ್ರ, ಎಲ್ಲವೂ ಇದೇ ಮನೆತನದವು.

ಈ ಕಲ್ಲಚ್ಚು ಕನ್ನಡಿಗರಿಗೆ ದೂರದ ಸಂಗತಿಯಲ್ಲ. ಬಾಸೆಲ್ ಮಿಶನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿತು. ಕನ್ನಡದ ಮೊದಲ ಪತ್ರಿಕೆಯಾದ, ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲೇ ಹೊರಬಂತು. ಇದೇ ಮುದ್ರಣಾಲಯದ ಕೆಲಸಕ್ಕೆ 1850ರ ದಶಕದಲ್ಲಿ ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಯಂತ್ರಕುಶಲಿಯ ಕಣ್ಣು ನಮ್ಮ ನದಿದಡದ ಜೇಡಿಮಣ್ಣಿನ ಮೇಲೆ ಬಿತ್ತು. 1865ರಲ್ಲಿ ನೇತ್ರಾವತಿಯ ದಡದಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾಯಿತು. ಕಾಗದದ ಮೇಲೆ ಕನ್ನಡ ಅಕ್ಷರ ಒತ್ತಿದ ಕೈಯೇ ಮಣ್ಣಿನ ಮೇಲೆ ಕಂಪನಿಯ ಹೆಸರು, ಇಸವಿಯನ್ನೂ ಒತ್ತಿತು. ಆ ಮಂಗಳೂರು ಹಂಚು ಏಡನ್ನಿಗೆ, ಬಸ್ರಾಕ್ಕೆ, ಪೂರ್ವ ಆಫ್ರಿಕಕ್ಕೆ, ಸುಮಾತ್ರಕ್ಕೆ ಹಡಗು ಹತ್ತಿತು. ನಮ್ಮವರು ಗಲ್ಫಿಗೆ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಮಣ್ಣು ಈ ಕಡಲಿಗೆ ಬಂದಿತ್ತು.

ಇಟ್ಟಿಗೆಯ ಹೆಸರಿನ ಊರು

ಅದೇ ಕಾಲದಲ್ಲಿ ಮಣ್ಣಿನಿಂದಲೇ ಹೆಸರು ಪಡೆದ ಇನ್ನೊಂದು ಜಾಗ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್. 1881ರಲ್ಲಿ ಬೆಂಕಿ ಮತ್ತು ಪ್ರವಾಹದಿಂದ ಕೌಲಾಲಂಪುರದ ಮರ ಮತ್ತು ಸೋಗೆಯ ಮನೆಗಳು ಹಾಳಾದವು. ಬ್ರಿಟಿಷ್ ರೆಸಿಡೆಂಟ್ ಫ್ರಾಂಕ್ ಸ್ವೆಟನ್‌ಹ್ಯಾಮ್ ಇನ್ನು ಮುಂದೆ ಇಟ್ಟಿಗೆ, ಹಂಚಿನಲ್ಲೇ ಮನೆ ಕಟ್ಟಬೇಕೆಂದು ಆಜ್ಞೆ ಮಾಡಿದರು. ಚೀನೀ ಮುಖಂಡ ಯಾಪ್ ಆಹ್ ಲಾಯ್ ಅವರು ಇಟ್ಟಿಗೆ ಸುಡುವುದಕ್ಕೆ ಆರಿಸಿದ ಬಯಲೇ ಬ್ರಿಕ್‌ಫೀಲ್ಡ್ಸ್. ಮುಂದೆ ಅಲ್ಲಿ ರೈಲ್ವೆಯ ದೊಡ್ಡ ಕಾರ್ಯಾಗಾರ ಬಂತು. ತಮಿಳುನಾಡಿನಿಂದ, ಸಿಲೋನಿನಿಂದ ಕೂಲಿಗಳೂ ಗುಮಾಸ್ತರೂ ಬಂದರು. 1905ರ ಹೊತ್ತಿಗೆ ಅವರಂಥವರಿಗಾಗಿ ಸಾಲುಮನೆಗಳು ಎದ್ದವು. ಜನ ಅದನ್ನು 'ಹಂಡ್ರೆಡ್ ಕ್ವಾರ್ಟರ್ಸ್' ಎಂದು ಕರೆದರು.

2010ರ ಅಕ್ಟೋಬರಿನಲ್ಲಿ ಆಗಿನ ನಮ್ಮ ಪ್ರಧಾನಿ ಮನಮೋಹನ ಸಿಂಗ್ ಅವರ ಸಮ್ಮುಖದಲ್ಲಿ ಬ್ರಿಕ್‌ಫೀಲ್ಡ್ಸ್‌ಗೆ 'ಲಿಟಲ್ ಇಂಡಿಯಾ' ಎಂಬ ಪಟ್ಟ ಸಿಕ್ಕಿತು. 2015ರಲ್ಲಿ ಸಾಂಚಿಯ ಮಾದರಿಯ ತೋರಣದ್ವಾರವೂ ಉದ್ಘಾಟನೆಯಾಯಿತು. ಆದರೆ ಹಂಡ್ರೆಡ್ ಕ್ವಾರ್ಟರ್ಸ್ ಉಳಿಯಲಿಲ್ಲ. ಅದೇ ದಶಕದಲ್ಲಿ ಅದನ್ನು ಕೆಡವಿದರು. ದ್ವಾರ ಬಂತು, ಕೆಲಸಗಾರರ ಮನೆ ಹೋಯಿತು. ಹೊರನಾಡಿನಲ್ಲಿ ದುಡಿಯುವ ನಮಗೆ ಇದರಲ್ಲಿ ಒಂದು ಪಾಠವಿದೆ. ನಾವು ಕಟ್ಟಿದ ಕಟ್ಟಡಗಳಲ್ಲಿ ನಮ್ಮ ಹೆಸರು ಇರುವುದಿಲ್ಲ. ನಾವು ಇದ್ದ ಕೋಣೆಗಳೂ ಉಳಿಯುವುದಿಲ್ಲ. ಉಳಿದರೆ ಉಳಿಯುವುದು ಟ್ರಂಕಿನಲ್ಲಿದ್ದ ಒಂದು ಫೋಟೋ, ಅಡುಗೆಮನೆಯ ಒಂದು ತಟ್ಟೆ.

ತಂಗಿಯ ಮನೆಯ ಗೋಡೆ

ನನ್ನ ತಂಗಿಯ ಸಂಸಾರ ಈಗ ಬ್ರಿಕ್‌ಫೀಲ್ಡ್ಸ್‌ನ ಒಂದು ಫ್ಲಾಟಿನಲ್ಲಿದೆ. ಕಳೆದ ರಜೆಯಲ್ಲಿ ಐದು ದಿನ ಅಲ್ಲಿದ್ದೆ. ಭಾನುವಾರ ಬೆಳಿಗ್ಗೆ ಎಲ್‌ಆರ್‌ಟಿ ರೈಲಿನಲ್ಲಿ ತಾಮನ್ ಜಯಾ ಸ್ಟೇಷನ್ನಿಗೆ ಹೋದರೆ ಅಲ್ಲಿ ಆಮ್‌ಕಾರ್ಪ್ ಮಾಲ್ ಎಂಬಲ್ಲಿ ಹಳೆಯ ಸಾಮಾನಿನ ಸಂತೆ ನಡೆಯುತ್ತದೆ. ಕುವೈತಿನಲ್ಲಿರುವವರಿಗೆ ಶುಕ್ರವಾರದ 'ಸೂಕ್ ಅಲ್ ಜುಮಾ' ಗೊತ್ತಲ್ಲ, ಅದರ ಚಿಕ್ಕ ತಮ್ಮನೆನ್ನಿ. ಜೋಡಿ ತಪ್ಪಿದ ಬಸಿಗಳು, ಅಂಚು ಸ್ವಲ್ಪ ಎದ್ದ ತಟ್ಟೆಗಳನ್ನು ತಂಗಿ ಅಲ್ಲಿಂದ ತರುತ್ತಾಳೆ.

ಅವುಗಳ ಮೇಲೆ ಅವಳು ಇಳಿಸಿದ ಚಿತ್ರಗಳಲ್ಲಿ ಒಂದು ಬಂಟ್ವಾಳ ಕಡೆಯ ನಮ್ಮ ಅಜ್ಜಿಯ ಹಂಚಿನ ಮನೆ. ಪಾಲಾದ ಮೇಲೆ ಆ ಮನೆಯನ್ನು ಕೆಡವಿದರು. ಉಳಿದದ್ದು ಒಂದೇ ಕಪ್ಪುಬಿಳುಪು ಫೋಟೋ. ಇನ್ನೊಂದು ತಟ್ಟೆಯಲ್ಲಿ ಅಜ್ಜಿಯ ಕೈಬರಹದ ಸಾರಿನ ಪುಡಿಯ ಲೆಕ್ಕ: ಕೊತ್ತಂಬರಿ ಎಷ್ಟು, ಮೆಣಸು ಎಷ್ಟು. ಗ್ಲಾಸ್ಗೋದ ಕಾರ್ಖಾನೆಗೆ ಈ ಚಿತ್ರ ಹೊಳೆಯುತ್ತಿರಲಿಲ್ಲ. ಇದರಲ್ಲಿ ಲಾಭವಿಲ್ಲ. ಆರು ಜನ ಮೊಮ್ಮಕ್ಕಳಿಗೆ ಬಿಟ್ಟರೆ ಲೋಕದಲ್ಲಿ ಯಾರಿಗೂ ಇದು ಬೇಡ.

ಮಾಡುವ ಕ್ರಮ ಎರಡು. ಮೊದಲನೆಯದು ನೀರಿನಲ್ಲಿ ಜಾರುವ ಡಿಕಾಲ್ ಕಾಗದದ್ದು. ಆ ಕಾಗದದ ಮೇಲೆ ಚಿತ್ರ ಪ್ರಿಂಟ್ ಮಾಡಬೇಕು. ಇಂಕ್‌ಜೆಟ್ ಪ್ರಿಂಟರ್ ಆದರೆ ಮೇಲೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ಎರಡು ಮೂರು ಸಲ ತೆಳುವಾಗಿ ಹೊಡೆದು ಒಣಗಿಸಬೇಕು. ಇಲ್ಲದಿದ್ದರೆ ನೀರಿಗೆ ಬಣ್ಣ ಹರಡುತ್ತದೆ. ಕತ್ತರಿಸಿ ಅರ್ಧ ಒಂದು ನಿಮಿಷ ನೀರಿನಲ್ಲಿಟ್ಟರೆ ಚಿತ್ರದ ಪೊರೆ ಸಡಿಲವಾಗುತ್ತದೆ. ಅದನ್ನು ತಟ್ಟೆಯ ಮೇಲೆ ಜಾರಿಸಿ, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒತ್ತಿ ಗುಳ್ಳೆಗಳನ್ನು ಹೊರಗೆ ತಳ್ಳಬೇಕು. ಒಂದು ದಿನ ಒಣಗಲು ಬಿಟ್ಟು ಕೊನೆಗೆ ವಾರ್ನಿಷ್.

ಎರಡನೆಯದು ಅಂಟಿನ ಕ್ರಮ. ಲೇಸರ್ ಪ್ರಿಂಟ್ ತೆಗೆದು, ತಟ್ಟೆಗೆ ಅಕ್ರಿಲಿಕ್ ಜೆಲ್ ಸವರಿ, ಚಿತ್ರವನ್ನು ಮುಖ ಕೆಳಗಾಗಿ ಒತ್ತಿ ರಾತ್ರಿಯಿಡೀ ಬಿಡಬೇಕು. ಮರುದಿನ ಕಾಗದದ ಬೆನ್ನನ್ನು ಒದ್ದೆ ಮಾಡಿ ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಕಾಗದ ಉರುಳಿ ಬಂದು ಶಾಯಿ ಮಾತ್ರ ಉಳಿಯುತ್ತದೆ. 1756ರಲ್ಲಿ ಲಿವರ್‌ಪೂಲಿನಲ್ಲಿ ಮಾಡಿದ್ದಕ್ಕೆ ಇದು ತೀರ ಹತ್ತಿರ. ಇದರಲ್ಲಿ ಚಿತ್ರ ಎಡಬಲ ತಿರುಗುತ್ತದೆ. ಕನ್ನಡ ಅಕ್ಷರವಿದ್ದರೆ ಪ್ರಿಂಟ್ ಮಾಡುವಾಗಲೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಬೇಕು. ಎರಡಕ್ಕೂ ತಟ್ಟೆ ಬಿಳಿ ಇಲ್ಲವೇ ತೆಳುಬಣ್ಣದ್ದಾಗಿರಲಿ, ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಮೊದಲು ತಟ್ಟೆಯನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಇಂಜೆಕ್ಷನ್ ಕೊಡುವ ಮುಂಚೆ ಚರ್ಮ ಒರೆಸುವ ಸ್ಪಿರಿಟ್ಟಿನಿಂದ ಒರೆಸಿ. ಜಿಡ್ಡಿನ ಮೇಲೆ ಯಾವುದೂ ಹಿಡಿಯದು.

ಔಷಧ ಕೌಂಟರಿನಿಂದ ಒಂದು ಮಾತು

"ಅಣ್ಣಾ, ಇದರಲ್ಲಿ ಮಕ್ಕಳಿಗೆ ತಿಂಡಿ ಹಾಕಿ ಕೊಡಬಹುದಾ?" ಎಂದು ತಂಗಿ ಕೇಳಿದಳು. ಬೇಡ ಎಂದೆ. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವನಾಗಿ ಕಾರಣವನ್ನು ನಿಮಗೂ ಹೇಳುವುದು ನನ್ನ ಕರ್ತವ್ಯ.

ಕಾರ್ಖಾನೆಯ ಡಿಕಾಲ್ ಅನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಭಟ್ಟಿಯಲ್ಲಿ ಸುಡುತ್ತಾರೆ. ಬಣ್ಣ ಗ್ಲೇಜಿನ ಜೊತೆ ಕರಗಿ ಒಂದಾಗುತ್ತದೆ. ಮನೆಯಲ್ಲಿ ಮಾಡಿದ್ದು ಹಾಗಲ್ಲ, ಅದು ಮೇಲೆ ಕೂತ ಪ್ಲಾಸ್ಟಿಕ್ಕಿನ ತೆಳು ಚರ್ಮ. ಬಿಸಿ ಅನ್ನ, ಚಮಚದ ಗೀರು, ಪಾತ್ರೆ ತೊಳೆಯುವ ನಾರು, ಯಾವುದನ್ನೂ ಅದು ತಾಳದು. ಕಿತ್ತುಬಂದದ್ದು ಹೊಟ್ಟೆಗೆ ಹೋಗುತ್ತದೆ.

ಎರಡನೆಯ ಕಾರಣ ತಟ್ಟೆಯದೇ. ಎಲ್ಲಿ, ಯಾವಾಗ ಮಾಡಿದ್ದೆಂದು ತಿಳಿಯದ ಹಳೆಯ ತಟ್ಟೆಯ ಗ್ಲೇಜಿನಲ್ಲಿ ಸೀಸ ಇರಬಹುದು. ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಮ್ ಇರಬಹುದು. ಹುಳಿ ಇವುಗಳನ್ನು ಹೊರಗೆಳೆಯುತ್ತದೆ. 1970ರಲ್ಲಿ ಕೆನಡಾದ ಮಾಂಟ್ರಿಯಲ್ ವೈದ್ಯರು ಒಂದು ಪ್ರಕರಣ ವರದಿ ಮಾಡಿದರು: ಸೀಸದ ಗ್ಲೇಜಿನ ಮಣ್ಣಿನ ಹೂಜಿಯಲ್ಲಿಟ್ಟ ಸೇಬಿನ ರಸ ಕುಡಿದು ಮಗುವೊಂದು ಸತ್ತಿತು. ನಮ್ಮ ಅಡುಗೆಯಲ್ಲಿ ಹುಣಸೆಹುಳಿ, ನಿಂಬೆ, ಮಜ್ಜಿಗೆ, ಟೊಮೆಟೊ ಇಲ್ಲದ ದಿನ ಯಾವುದು? ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಗಳು ನಮ್ಮಲ್ಲಿವೆ. ಆದರೆ ಎಳೆಯ ಮಗುವಿನ ಮಿದುಳಿಗೆ ಆದ ಹಾನಿಯನ್ನು ಅವು ಸರಿಪಡಿಸಲಾರವು.

ಆದ್ದರಿಂದ ನಿಯಮ ಸರಳ. ಚಿತ್ರ ಇಳಿಸಿದ ತಟ್ಟೆ ಗೋಡೆಗೆ, ಊಟಕ್ಕಲ್ಲ. ಹಳೆಯ ಗ್ಲೇಜನ್ನು ಮರಳುಕಾಗದದಿಂದ ಉಜ್ಜಬೇಡಿ, ಆ ಪುಡಿ ಉಸಿರಿನಲ್ಲಿ ಒಳಹೋಗುತ್ತದೆ. ಸ್ಪ್ರೇಯನ್ನು ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಡೆಯಬೇಡಿ. ಬಾಲ್ಕನಿಯಲ್ಲಿ ಹೊಡೆಯಿರಿ, ಹತ್ತಿರ ಒಲೆ, ಸಿಗರೇಟು ಇರದಿರಲಿ.

ಹಿಂಬದಿಯ ಮುದ್ರೆ

ತಟ್ಟೆಯ ಚರಿತ್ರೆ ತಿಳಿಯಬೇಕಾದರೆ ತಜ್ಞರು ಮೊದಲು ಅದನ್ನು ಮಗುಚಿ ನೋಡುತ್ತಾರೆ. ಕಾರ್ಖಾನೆಗಳು ತಮ್ಮ ಹೆಸರು, ಊರು, ಚಿತ್ರದ ಹೆಸರುಗಳನ್ನು ಹಿಂಬದಿಯಲ್ಲಿ ಒತ್ತುತ್ತಿದ್ದವು. ಗ್ಲಾಸ್ಗೋದ ತಟ್ಟೆ ಮಲಯಾದಲ್ಲಿ ಸಿಕ್ಕರೂ ಅದರ ಮೂಲ ಗೊತ್ತಾಗುವುದು, ಹಳೆಯ ಮಂಗಳೂರು ಹಂಚಿನ ಕಾರ್ಖಾನೆ ಯಾವುದೆಂದು ಹೇಳಲಾಗುವುದು ಆ ಮುದ್ರೆಯಿಂದಲೇ.

ಮಾಲೀಕರು ತಮ್ಮ ಮುದ್ರೆ ಒತ್ತಿದರು. ಕಾಗದ ಕತ್ತರಿಸಿದ ಹುಡುಗಿಯರ, ಬ್ರಿಕ್‌ಫೀಲ್ಡ್ಸ್‌ನಲ್ಲಿ ಇಟ್ಟಿಗೆ ಸುಟ್ಟವರ ಮುದ್ರೆ ಎಲ್ಲೂ ಇಲ್ಲ. ಇವತ್ತು 50 ರೂಪಾಯಿ ಬೆಲೆಯ ಹಳೆಯ ತಟ್ಟೆ ಮತ್ತು ಒಂದು ಪ್ರಿಂಟರ್ ಇದ್ದರೆ ನಮ್ಮ ಚಿತ್ರವನ್ನು ನಾವೇ ಆರಿಸಬಹುದು: ಅಪ್ಪ ಮೊದಲ ಸಲ ದಮ್ಮಾಮಿಗೆ ಬಂದಾಗಿನ ವೀಸಾ ಫೋಟೋ, ಲೇಬರ್ ಕ್ಯಾಂಪಿನ ಗೆಳೆಯರ ಗುಂಪು, ಮಾರಿಹೋದ ಗದ್ದೆಯ ಬದು. ಅಂಥದೊಂದನ್ನು ಮಾಡಿದರೆ ತಟ್ಟೆಯನ್ನು ಮಗುಚಿ, ಅಳಿಸದ ಶಾಯಿಯ ಪೆನ್ನಿನಲ್ಲಿ ಮೂರು ಸಾಲು ಬರೆಯಿರಿ: ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ಇಸವಿ. ನಾಲ್ಕನೆಯ ಸಾಲಿನಲ್ಲಿ 'ಊಟಕ್ಕೆ ಬಳಸಬಾರದು' ಎಂದೂ ಸೇರಿಸಿ.